ಎಡಕ್ಕಷ್ಟೇ ತಿರುಗುವ ರೇಸಿನಲ್ಲಿ ಚಾಲಕನ ಕೌಶಲ ಎಲ್ಲಿದೆ?

ಪ್ರಶ್ನೆ: ಕೆಲಸದ ನಿಮಿತ್ತ ನಾವೀಗ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಷಾರ್ಲೆಟ್ ನಗರದಲ್ಲಿದ್ದೇವೆ. ಬೆಂಗಳೂರಿನಲ್ಲಿದ್ದಾಗಿನಿಂದ ನಾನು ಫಾರ್ಮುಲಾ ಒನ್ ತಪ್ಪದೆ ನೋಡುತ್ತಾ ಬಂದವಳು. ಇಲ್ಲಿ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ನ್ಯಾಸ್‌ಕಾರ್ ಎಂಬ ಇಲ್ಲಿಯ ಕಾರ್ ರೇಸಿನ ಮಾತು. ಟಿವಿಯಲ್ಲಿ ನೋಡಿದರೆ ಕಾರುಗಳು ಎಡಕ್ಕೆ ತಿರುಗುತ್ತಾ ನೂರಾರು ಸುತ್ತು ಹಾಕುತ್ತವೆ, ನನಗೆ ಅದರಲ್ಲಿ ಏನೂ ಕಾಣುವುದಿಲ್ಲ. ಎಡಕ್ಕೂ ಬಲಕ್ಕೂ ತಿರುವುಗಳಿರುವ ರೋಡ್ ಕೋರ್ಸ್ ಓಟಕ್ಕಿಂತ ಈ ಓವಲ್ ಓಟ ಸುಲಭವಲ್ಲವೇ? ಎರಡರಲ್ಲಿ ನಿಜವಾಗಿ ಕಷ್ಟದ್ದು ಯಾವುದು? ಎಂಟು ವರ್ಷದ ಮಗನನ್ನು ಕರೆದುಕೊಂಡು ಹೋಗಿ ನೋಡುವುದಾದರೆ ಮೊದಲು ಯಾವುದನ್ನು ನೋಡಬೇಕು?

ಉತ್ತರ: ನೇರವಾಗಿಯೇ ಹೇಳುತ್ತೇನೆ. ಓವಲ್ ಓಟ ಸುಲಭದ್ದಲ್ಲ. ಅದರ ಕಷ್ಟ ಟಿವಿ ಪರದೆಯ ಮೇಲೆ ಕಾಣಿಸುವುದಿಲ್ಲ. ರೋಡ್ ಕೋರ್ಸ್‌ನಲ್ಲಿ ಚಾಲಕ ಬ್ರೇಕ್ ಒತ್ತುವುದು, ಗೇರ್ ಇಳಿಸುವುದು, ಸ್ಟೀರಿಂಗ್‌ನೊಡನೆ ಸೆಣಸುವುದು ಎಲ್ಲವೂ ನೋಡುವವರ ಕಣ್ಣಿಗೆ ಬೀಳುತ್ತವೆ. ಓವಲ್‌ನಲ್ಲಿ ಕೈ ಒಂದೆರಡು ಇಂಚು ಸರಿದರೆ ಅದೇ ದೊಡ್ಡ ಚಲನೆ. ಹಾಗಾಗಿ ಅಲ್ಲಿ ಏನೂ ನಡೆಯುತ್ತಿಲ್ಲ ಎನ್ನಿಸುತ್ತದೆ. ವ್ಯತ್ಯಾಸವನ್ನು ನಾನು ನೋಡುವ ಬಗೆ ಇದು: ರೋಡ್ ಕೋರ್ಸ್‌ನಲ್ಲಿ ದಾರಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಕಾರು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಓವಲ್‌ನಲ್ಲಿ ದಾರಿ ಹಾಗೆಯೇ ಇರುತ್ತದೆ, ಕಾರು ಬದಲಾಗುತ್ತಾ ಹೋಗುತ್ತದೆ. ಒಂದು ಸುತ್ತನ್ನು ಒಬ್ಬರೇ ವೇಗವಾಗಿ ಓಡಿಸುವುದು ರೋಡ್ ಕೋರ್ಸ್‌ನಲ್ಲಿ ಹೆಚ್ಚು ಕಷ್ಟ. ನಲವತ್ತು ಕಾರುಗಳ ನಡುವೆ ಇಡೀ ರೇಸನ್ನು ಓಡಿಸುವುದು ಓವಲ್‌ನಲ್ಲಿ ಹೆಚ್ಚು ಕಷ್ಟ. ಇದು ನನ್ನ ಅಭಿಪ್ರಾಯ. ಇಂಡಿಯಾನಾಪೊಲಿಸ್ ನಗರದ ಓವಲ್ ಮಾತ್ರ ಈ ಮಾತಿಗೆ ಹೊರತು. ಅಲ್ಲಿ ಒಂಟಿ ಸುತ್ತೂ ಎದೆ ನಡುಗಿಸುವಂಥದ್ದು.

ಮೊದಲು, ಅಮೆರಿಕದಲ್ಲಿ ಓವಲ್ ಇಷ್ಟು ಬೇರೂರಿದ್ದು ಏಕೆ ಎಂಬುದನ್ನು ಸ್ವಲ್ಪ ನೋಡೋಣ. ಯುರೋಪಿನಲ್ಲಿ ಕಾರಿನ ಓಟ ಹುಟ್ಟಿದ್ದು ಊರಿನಿಂದ ಊರಿಗೆ ಹೋಗುವ ಸಾರ್ವಜನಿಕ ರಸ್ತೆಗಳಲ್ಲಿ. ಅಮೆರಿಕದಲ್ಲೂ ಅಂಥ ಪ್ರಯತ್ನ ನಡೆಯಿತು. 1904ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ವ್ಯಾಂಡರ್‌ಬಿಲ್ಟ್ ಕಪ್ ಓಟ ಆರಂಭವಾಯಿತು. ಆದರೆ ರಸ್ತೆಯ ಮೇಲೇ ಬಂದು ನಿಲ್ಲುವ ಜನರನ್ನು ತಡೆಯುವುದು ಸಾಧ್ಯವಾಗಲಿಲ್ಲ. ಅತ್ತ ಪ್ರತಿ ಕೌಂಟಿಯ ವಾರ್ಷಿಕ ಮೇಳದ ಮೈದಾನದಲ್ಲಿ ಕುದುರೆ ಓಟದ ಮಣ್ಣಿನ ಟ್ರ್ಯಾಕ್ ಮೊದಲೇ ಸಿದ್ಧವಾಗಿತ್ತು. ಸುತ್ತ ಬೇಲಿ ಇತ್ತು, ಆಸನಗಳಿದ್ದವು, ಬಾಗಿಲಲ್ಲಿ ಟಿಕೆಟ್ ಮಾರಬಹುದಿತ್ತು. ಕುಳಿತಲ್ಲಿಂದ ಓಟ ಪೂರ್ತಿ ಕಾಣುತ್ತಿತ್ತು. ಮಿಲ್‌ವಾಕಿಯ ಒಂದು ಮೈಲಿಯ ಟ್ರ್ಯಾಕ್‌ನಲ್ಲಿ 1903ರಲ್ಲೇ ಕಾರುಗಳು ಓಡಿದ್ದವು. 1909ರಲ್ಲಿ ಕಾರ್ಲ್ ಫಿಷರ್ ಮತ್ತು ಅವರ ಪಾಲುದಾರರು ಇಂಡಿಯಾನಾಪೊಲಿಸ್‌ನಲ್ಲಿ 2.5 ಮೈಲಿಯ ಟ್ರ್ಯಾಕ್ ಕಟ್ಟಿದರು. ಜಲ್ಲಿ ಮತ್ತು ಡಾಂಬರಿನ ಮೊದಲ ಹಾಸು ಆರಂಭದ ರೇಸುಗಳಲ್ಲೇ ಕಿತ್ತು ಬಂದು ಸಾವುಗಳಾದವು. ಅದೇ ವರ್ಷ ಸುಮಾರು 32 ಲಕ್ಷ ಇಟ್ಟಿಗೆ ಹಾಸಿದರು. 1911ರ ಮೊದಲ 500 ಮೈಲಿ ಓಟವನ್ನು ರೇ ಹಾರೂನ್ ಗಂಟೆಗೆ 74.6 ಮೈಲಿ ಸರಾಸರಿಯಲ್ಲಿ ಗೆದ್ದರು. ಗುರಿರೇಖೆಯ ಬಳಿ ಒಂದು ಗಜದಷ್ಟು ಇಟ್ಟಿಗೆ ಇಂದಿಗೂ ಹಾಗೆಯೇ ಇದೆ.

ರೋಡ್ ಕೋರ್ಸ್ ಓಟ ಇಲ್ಲಿ ಮತ್ತೆ ಜೀವ ಪಡೆದದ್ದು ಎರಡನೇ ಮಹಾಯುದ್ಧದ ಬಳಿಕ. ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಸಣ್ಣ ಊರಿನ ಬೀದಿಗಳಲ್ಲಿ 1948ರಲ್ಲಿ ಓಟ ನಡೆಯಿತು. 1956ರಲ್ಲಿ ಅಲ್ಲಿ ಶಾಶ್ವತ ಟ್ರ್ಯಾಕ್ ಬಂತು. ಫ್ಲಾರಿಡಾದ ಸೆಬ್ರಿಂಗ್‌ನಲ್ಲಿ ಯುದ್ಧಕಾಲದ ವಿಮಾನ ನಿಲ್ದಾಣವೇ ಟ್ರ್ಯಾಕ್ ಆಯಿತು. ವಿಸ್ಕಾನ್ಸಿನ್‌ನ ರೋಡ್ ಅಮೆರಿಕ 1955ರಲ್ಲಿ, ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ 1957ರಲ್ಲಿ ತೆರೆದವು. ಹೀಗೆ ಎರಡು ಪರಂಪರೆಗಳು ಅಕ್ಕಪಕ್ಕದಲ್ಲಿ ಬೆಳೆದವು: ಒಂದು ಮೇಳದ ಮೈದಾನದಿಂದ, ಇನ್ನೊಂದು ಯುರೋಪಿನ ಸ್ಪೋರ್ಟ್ಸ್ ಕಾರುಗಳ ಮೋಹದಿಂದ.

ಈಗ ಟೈರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎರಡೂ ಬಗೆಯ ಓಟದ ಗುಟ್ಟು ಅಲ್ಲೇ ಇದೆ. ಟೈರು ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿ ಇದೆ. ಆ ಶಕ್ತಿಯನ್ನು ಬ್ರೇಕ್ ಹಾಕಲು ಬಳಸಬಹುದು, ತಿರುಗಲು ಬಳಸಬಹುದು, ವೇಗ ಹೆಚ್ಚಿಸಿಕೊಳ್ಳಲು ಬಳಸಬಹುದು. ಎಲ್ಲವನ್ನೂ ಒಟ್ಟಿಗೆ ಪೂರ್ತಿಯಾಗಿ ಮಾಡಲು ಆಗುವುದಿಲ್ಲ. ಒಳ್ಳೆಯ ರೋಡ್ ಕೋರ್ಸ್ ಚಾಲಕ ಈ ಮೂರರ ನಡುವೆ ಶಕ್ತಿಯನ್ನು ಸೋರಿಕೆಯಿಲ್ಲದೆ ಹಂಚುತ್ತಾನೆ. ತಿರುವಿನ ಹೊಸ್ತಿಲಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಅದನ್ನು ಒಮ್ಮೆಲೇ ಬಿಡದೆ, ಸ್ಟೀರಿಂಗ್ ತಿರುಗಿದಷ್ಟೂ ಪಾದವನ್ನು ಸಡಿಲಿಸುತ್ತಾ ಕಾರನ್ನು ತಿರುವಿನೊಳಗೆ ಬಿಡುತ್ತಾನೆ. ತಿರುವಿನ ಒಳಬದಿಯ ತುದಿ ಮುಟ್ಟುವ ಹೊತ್ತಿಗೆ ಬ್ರೇಕ್ ಪೂರ್ತಿ ಬಿಟ್ಟಿರುತ್ತದೆ. ಅಲ್ಲಿಂದ ಸ್ಟೀರಿಂಗ್ ಬಿಚ್ಚುತ್ತಾ ಆಕ್ಸಿಲರೇಟರ್ ಒತ್ತುತ್ತಾನೆ. ರೋಡ್ ಅಮೆರಿಕದಲ್ಲಿ ನಾಲ್ಕು ಮೈಲಿಗೂ ತುಸು ಹೆಚ್ಚಿನ ಒಂದು ಸುತ್ತಿಗೆ 14 ತಿರುವುಗಳಿವೆ, ಆಸ್ಟಿನ್‌ನ ಟ್ರ್ಯಾಕ್‌ನಲ್ಲಿ 20. ಒಂದರಂತೆ ಇನ್ನೊಂದಿಲ್ಲ. ಲಗೂನಾ ಸೆಕಾದ ಕಾರ್ಕ್‌ಸ್ಕ್ರೂ ಎಂಬಲ್ಲಿ ಚಾಲಕ ಗುಡ್ಡದ ನೆತ್ತಿಯಲ್ಲಿ ಬ್ರೇಕ್ ಹಾಕಿ, ಮುಂದಿನ ದಾರಿ ಕಾಣದೆಯೇ ಎಡಕ್ಕೆ ತಿರುಗಬೇಕು. ಕೂಡಲೇ ನೆಲ ಸುಮಾರು 18 ಮೀಟರ್ ಕೆಳಗಿಳಿಯುತ್ತಾ ಬಲಕ್ಕೆ ಹೊರಳುತ್ತದೆ. 1996ರ ರೇಸಿನ ಕೊನೆಯ ಸುತ್ತಿನಲ್ಲಿ ಅಲೆಕ್ಸ್ ಜನಾರ್ಡಿ ಅಲ್ಲೇ ಬ್ರಯಾನ್ ಹರ್ಟಾ ಅವರನ್ನು ದಾಟಿ ಗೆದ್ದದ್ದನ್ನು ಇಂದಿಗೂ ಜನ ನೆನೆಯುತ್ತಾರೆ.

ಇದೆಲ್ಲ ನಿಮಗೆ ಫಾರ್ಮುಲಾ ಒನ್‌ನಿಂದ ಪರಿಚಿತವೇ. ಓವಲ್‌ನಲ್ಲಿ ಏನಾಗುತ್ತದೆ ನೋಡಿ. ಇಂಡಿಯಾನಾಪೊಲಿಸ್‌ನ ನಾಲ್ಕು ತಿರುವುಗಳಲ್ಲಿ ಪ್ರತಿಯೊಂದೂ ಕಾಲು ಮೈಲಿ ಉದ್ದ. ಗಂಟೆಗೆ 360 ಕಿ.ಮೀ. ಆಸುಪಾಸಿನ ವೇಗದಲ್ಲಿ ಆ 400 ಮೀಟರ್ ದಾಟಲು ನಾಲ್ಕು ಸೆಕೆಂಡ್ ಬೇಕು. ಆ ನಾಲ್ಕು ಸೆಕೆಂಡೂ ಟೈರು ತನ್ನ ಹಿಡಿತದ ಅಂಚಿನಲ್ಲೇ ಇರುತ್ತದೆ. ರೋಡ್ ಕೋರ್ಸ್‌ನಲ್ಲಿ ಅಂಚಿಗೆ ಹೋಗಿ, ಮುಟ್ಟಿ, ಹಿಂದೆ ಸರಿಯಲು ಅವಕಾಶವಿದೆ. ಇಲ್ಲಿ ಅಂಚಿನ ಮೇಲೆಯೇ ನಿಂತಿರಬೇಕು. ಸ್ಟೀರಿಂಗನ್ನು ಬೇಕಾದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚು ತಿರುಗಿಸಿದರೆ ಮುಂದಿನ ಟೈರುಗಳು ನೆಲಕ್ಕೆ ಉಜ್ಜಿ ವೇಗ ತಿನ್ನುತ್ತವೆ. ತಿರುವಿನಲ್ಲಿ ಕಳೆದ ಒಂದು ಮೈಲಿ ವೇಗ, ಮುಂದಿನ ಒಂದು ಕಿಲೋಮೀಟರ್ ನೇರ ಹಾದಿಯುದ್ದಕ್ಕೂ ಕಳೆದೇ ಇರುತ್ತದೆ. ಬ್ರೇಕ್ ತಡವಾಗಿ ಹಾಕಿ ಅದನ್ನು ಗಳಿಸಿಕೊಳ್ಳೋಣವೆಂದರೆ ಅಲ್ಲಿ ಬ್ರೇಕ್ ಹಾಕುವ ಜಾಗವೇ ಇಲ್ಲ.

ಇದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಫರ್ನಾಂಡೊ ಅಲೊನ್ಸೊ ಅವರ ಉದಾಹರಣೆ ಸಾಕು. ಎರಡು ಬಾರಿಯ ಫಾರ್ಮುಲಾ ಒನ್ ಚಾಂಪಿಯನ್ 2017ರಲ್ಲಿ ಮೊದಲ ಬಾರಿ ಇಂಡಿಯಾನಾಪೊಲಿಸ್‌ಗೆ ಬಂದು 5ನೇ ಸ್ಥಾನದಿಂದ ಹೊರಟರು, 27 ಸುತ್ತು ಮುಂಚೂಣಿಯಲ್ಲಿದ್ದರು, ಎಂಜಿನ್ ಕೈಕೊಟ್ಟಿತು. 2019ರಲ್ಲಿ ಅದೇ ಚಾಲಕ ಅರ್ಹತೆಯನ್ನೇ ಪಡೆಯಲಿಲ್ಲ. ನಾಲ್ಕು ಸುತ್ತು, ಅಂದರೆ ಹತ್ತು ಮೈಲಿಯ ಸರಾಸರಿಯಲ್ಲಿ ಕೈಲ್ ಕೈಸರ್ ಎಂಬ ಯುವ ಚಾಲಕನಿಗಿಂತ ಗಂಟೆಗೆ 0.019 ಮೈಲಿ ಹಿಂದೆ ಬಿದ್ದರು. ಕಾಲದಲ್ಲಿ ಹೇಳುವುದಾದರೆ ಎರಡೂವರೆ ನಿಮಿಷಕ್ಕೂ ಹೆಚ್ಚಿನ ಓಟದಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು. ಅಲೊನ್ಸೊ ಎರಡು ವರ್ಷದಲ್ಲಿ ಚಾಲನೆ ಮರೆತಿರಲಿಲ್ಲ. ಆ ವರ್ಷ ಅವರ ತಂಡಕ್ಕೆ ಕಾರನ್ನು ಸಿದ್ಧಪಡಿಸುವುದೇ ಒಲಿಯಲಿಲ್ಲ. ಓವಲ್‌ನಲ್ಲಿ ಕಾರಿನ ಕೊರತೆಯನ್ನು ಚಾಲಕ ತನ್ನ ಕೈಯಿಂದ ತುಂಬಿಕೊಡುವುದು ಬಹಳ ಕಷ್ಟ.

ಎಲ್ಲ ಓವಲ್‌ಗಳೂ ಒಂದೇ ಎಂಬ ತಪ್ಪು ಕಲ್ಪನೆಯನ್ನೂ ಬಿಡಿಸಬೇಕು. ಡೇಟೋನಾದ ತಿರುವುಗಳು 31 ಡಿಗ್ರಿ ಓರೆಯಾಗಿವೆ, ಟ್ಯಾಲಡೆಗಾದವು 33. ನಮ್ಮ ಜಾತ್ರೆಗಳಲ್ಲಿ ಸಾವಿನ ಬಾವಿಯೊಳಗೆ ಬೈಕು ಓಡಿಸುವುದನ್ನು ನೋಡಿದ್ದೀರಲ್ಲ, ತತ್ವ ಅದೇ: ಓರೆಯಾದ ಗೋಡೆಯೇ ವಾಹನವನ್ನು ಒಳಕ್ಕೆ ತಳ್ಳುತ್ತದೆ. ಸುಮಾರು 300 ಮೀಟರ್ ತ್ರಿಜ್ಯದ 31 ಡಿಗ್ರಿ ಓರೆಯ ತಿರುವಿನಲ್ಲಿ, ನೆಲ ಮಂಜುಗಡ್ಡೆಯಷ್ಟು ಜಾರುತ್ತಿದ್ದರೂ ಗಂಟೆಗೆ 150 ಕಿ.ಮೀ. ವೇಗದ ಕಾರು ಹೊರಕ್ಕೂ ಹೋಗದೆ ಕೆಳಕ್ಕೂ ಜಾರದೆ ಸುತ್ತುತ್ತದೆ ಎಂದು ಲೆಕ್ಕ ಹೇಳುತ್ತದೆ. ಅದರ ಮೇಲಿನ ವೇಗಕ್ಕೆ ಮಾತ್ರ ಟೈರಿನ ಹಿಡಿತ ಬೇಕು. 1987ರಲ್ಲಿ ಟ್ಯಾಲಡೆಗಾದಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ ವೇಗದಲ್ಲಿ ಅರ್ಹತಾ ಸುತ್ತು ಮುಗಿಸಿದರು. ಅದೇ ರೇಸಿನಲ್ಲಿ ಬಾಬಿ ಆಲಿಸನ್ ಅವರ ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಗೆ ಬಡಿಯಿತು. ಮರುವರ್ಷದಿಂದ ಆ ಎರಡು ಟ್ರ್ಯಾಕ್‌ಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನೇ ಕಡಿಮೆ ಮಾಡಿ ಶಕ್ತಿ ತಗ್ಗಿಸಿದರು. ಹಾಗಾಗಿ ಅಲ್ಲಿ ಎಲ್ಲರೂ ಆಕ್ಸಿಲರೇಟರನ್ನು ಪೂರ್ತಿ ಒತ್ತಿಕೊಂಡೇ, ಒಬ್ಬರಿಗೊಬ್ಬರು ಅಂಟಿಕೊಂಡು ಹಿಂಡಾಗಿ ಓಡುತ್ತಾರೆ. ಅಲ್ಲಿಯ ಗೆಲುವು ಕಾರಿನ ನಿಯಂತ್ರಣಕ್ಕಿಂತ ಗಾಳಿಯ ಲೆಕ್ಕಾಚಾರಕ್ಕೆ ಸೇರಿದ್ದು.

ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಇದಕ್ಕೆ ತದ್ವಿರುದ್ಧ. ಅರ್ಧ ಮೈಲಿಗಿಂತ ಸ್ವಲ್ಪವೇ ದೊಡ್ಡದು, ತಿರುವುಗಳ ಓರೆ ಬರೀ 12 ಡಿಗ್ರಿ. 500 ಸುತ್ತಿನ ರೇಸಿನಲ್ಲಿ ಸಾವಿರ ಬಾರಿ ಬ್ರೇಕ್ ಹಾಕಬೇಕು. ಬ್ರೇಕ್ ಡಿಸ್ಕ್‌ಗಳು ಕೆಂಪಗೆ ಕಾದಿರುವುದು ಕಣ್ಣಿಗೇ ಕಾಣುತ್ತದೆ. ಸೌತ್ ಕ್ಯಾರೊಲಿನಾದ ಡಾರ್ಲಿಂಗ್ಟನ್ ಮೊಟ್ಟೆಯಾಕಾರದ್ದು. 1950ರಲ್ಲಿ ಅದನ್ನು ಕಟ್ಟುವಾಗ ಜಮೀನಿನ ಒಡೆಯ ತನ್ನ ಮೀನಿನ ಕೊಳವನ್ನು ಮುಟ್ಟಬಾರದೆಂದು ಹಟ ಹಿಡಿದ. ಅದಕ್ಕಾಗಿ ಒಂದು ತುದಿಯನ್ನು ಕಿರಿದು ಮಾಡಬೇಕಾಯಿತು. ಒಂದು ತುದಿಗೆ ಸರಿಹೊಂದಿಸಿದ ಕಾರು ಇನ್ನೊಂದು ತುದಿಗೆ ಸರಿಹೊಂದುವುದಿಲ್ಲ. ಆ ಜಗಳವನ್ನು ಚಾಲಕನೇ ಪ್ರತಿ ಸುತ್ತಿನಲ್ಲೂ ತೀರಿಸಬೇಕು. ಪೆನ್ಸಿಲ್ವೇನಿಯಾದ ಪೊಕೊನೊದಲ್ಲಿ ಇರುವುದೇ ಮೂರು ತಿರುವು, ಮೂರಕ್ಕೂ ಓರೆ ಬೇರೆ ಬೇರೆ.

ಕಾರು ಬದಲಾಗುತ್ತಾ ಹೋಗುತ್ತದೆ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ನೀವು ಟಿವಿಯಲ್ಲಿ ಕಾಣದೆ ಹೋದದ್ದು ಇದನ್ನೇ. ಓವಲ್‌ಗೆ ಕಾರನ್ನು ಸಿದ್ಧಪಡಿಸುವಾಗ ಅದರ ಎಡಬಲಗಳನ್ನು ಬೇಕೆಂದೇ ಅಸಮ ಮಾಡುತ್ತಾರೆ. ಇಂಡಿಯಾನಾಪೊಲಿಸ್ 500ರಲ್ಲಿ ಓಡುವ ಇಂಡಿಕಾರ್‌ಗಳಲ್ಲೂ ಸ್ಥಳೀಯ ಓವಲ್ ಕಾರುಗಳಲ್ಲೂ ಹಿಂದಿನ ಬಲ ಟೈರಿನ ಸುತ್ತಳತೆ ಎಡದ್ದಕ್ಕಿಂತ ತುಸು ಹೆಚ್ಚಿರುತ್ತದೆ. ಕಾರು ತಾನಾಗಿಯೇ ಎಡಕ್ಕೆ ಎಳೆಯುತ್ತದೆ, ನೇರ ಹಾದಿಯಲ್ಲಿ ಚಾಲಕ ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದಿರಬೇಕಾಗುತ್ತದೆ. ನಾಲ್ಕು ಚಕ್ರಗಳ ಮೇಲೆ ಬೀಳುವ ಭಾರವನ್ನು ಮೂಲೆಯಿಂದ ಮೂಲೆಗೆ ಸ್ಪ್ರಿಂಗ್‌ಗಳ ಮೂಲಕ ಸರಿಸುತ್ತಾರೆ. ಇಷ್ಟು ನಾಜೂಕಾಗಿ ಹೊಂದಿಸಿದ ಕಾರು ಟ್ರ್ಯಾಕ್‌ಗೆ ಇಳಿದ ಕೂಡಲೇ ಹದ ತಪ್ಪತೊಡಗುತ್ತದೆ. ಇಂಧನ ಉರಿದು ಹಿಂಬದಿ ಹಗುರಾಗುತ್ತದೆ. ಸದಾ ಹೊರಗಡೆ ಇರುವ ಬಲಗಡೆಯ ಟೈರುಗಳು ಬೇಗ ಕಾದು ಸವೆಯುತ್ತವೆ, ಒಳಗಿನ ಗಾಳಿಯ ಒತ್ತಡ ಏರುತ್ತದೆ. ಮೋಡ ಬಂದರೆ ಟ್ರ್ಯಾಕ್ ತಣ್ಣಗಾಗಿ ಹಿಡಿತ ಹೆಚ್ಚುತ್ತದೆ, ಬಿಸಿಲು ಬಂದರೆ ಜಾರತೊಡಗುತ್ತದೆ. ಹತ್ತು ಸುತ್ತಿನ ಹಿಂದೆ ಮೂಗು ತಿರುಗಿಸದೆ ಹಟ ಮಾಡುತ್ತಿದ್ದ ಕಾರು ಈಗ ಬಾಲ ಬೀಸಲು ಶುರು ಮಾಡುತ್ತದೆ.

ಆಗ ಚಾಲಕ ಏನು ಮಾಡುತ್ತಾನೆ? ದಾರಿ ಹುಡುಕುತ್ತಾನೆ. ಟ್ರ್ಯಾಕ್‌ನ ಒಳಅಂಚು ಹತ್ತಿರದ ದಾರಿ; ಹೊರಗೋಡೆಯ ಪಕ್ಕ ದೂರದ ದಾರಿ, ಆದರೆ ತಿರುವು ಅಲ್ಲಿ ವಿಶಾಲ, ವೇಗವನ್ನು ಉಳಿಸಿಕೊಳ್ಳಬಹುದು. ಎಲ್ಲರೂ ಓಡಿದ ಕಡೆ ರಬ್ಬರ್ ಕೂತು ಹಿಡಿತ ಬದಲಾಗುತ್ತದೆ. ಯಾರೂ ಓಡದ ಕಡೆ ಸವೆದ ಟೈರಿನ ಚೂರುಗಳು ಬಿದ್ದು ಅಪಾಯ ಕಾದಿರುತ್ತದೆ. ಒಂದು ಸುತ್ತು ಕೆಳಗೆ, ಒಂದು ಸುತ್ತು ಮೇಲೆ, ಒಮ್ಮೆ ಅರ್ಧ ಅಡಿ ಬೇಗ ಆಕ್ಸಿಲರೇಟರ್ ಬಿಟ್ಟು, ಒಮ್ಮೆ ತಡ ಮಾಡಿ ಹೀಗೆ ಪರೀಕ್ಷಿಸುತ್ತಲೇ ಇರುತ್ತಾನೆ. ಕಾರು ಹೇಗಿದೆಯೆಂದು ರೇಡಿಯೊದಲ್ಲಿ ತಂಡಕ್ಕೆ ಮಾತಿನಲ್ಲಿ ವಿವರಿಸುತ್ತಾನೆ. ಟೈರು, ಇಂಧನಕ್ಕಾಗಿ ನಿಲ್ಲುವ ಪಿಟ್‌ಗೆ ಬಂದಾಗ ಅವರು ಒಂದು ಸ್ಕ್ರೂ ತಿರುಗಿಸುತ್ತಾರೆ ಇಲ್ಲವೇ ಟೈರಿನ ಗಾಳಿಯನ್ನು ಚೂರು ಬದಲಿಸುತ್ತಾರೆ. ತನ್ನ ಬೆನ್ನಿಗೆ ತಾಗಿದ್ದನ್ನು ಎಂಜಿನಿಯರಿಗೆ ಅರ್ಥವಾಗುವಂತೆ ಹೇಳಬಲ್ಲ ಚಾಲಕನೇ ಕೊನೆಯ ಐವತ್ತು ಸುತ್ತಿಗೆ ಒಳ್ಳೆಯ ಕಾರು ಪಡೆಯುತ್ತಾನೆ. ಈ ಸಾಮರ್ಥ್ಯವನ್ನು ನಾನು ಬ್ರೇಕಿಂಗ್ ಕೌಶಲಕ್ಕಿಂತ ಕಡಿಮೆ ಎಂದು ಎಣಿಸಲಾರೆ.

ಇದರ ಮೇಲೆ ಗಾಳಿಯ ಆಟ ಬೇರೆ. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ನೇರ ಹಾದಿಯಲ್ಲಿ ಹಿಂದಿನವನಿಗೆ ಎಳೆತ ಕಡಿಮೆ, ಅವನು ಸಮೀಪಿಸುತ್ತಾನೆ. ತಿರುವಿಗೆ ಬಂದಾಗ ಅದೇ ಗಾಳಿಯ ಕೊರತೆ ಶಾಪವಾಗುತ್ತದೆ: ಮೂತಿಯನ್ನು ನೆಲಕ್ಕೆ ಒತ್ತುವ ಗಾಳಿಯಿಲ್ಲದೆ ಕಾರು ತಿರುಗದೆ ಗೋಡೆಯತ್ತ ಸಾಗುತ್ತದೆ. ರೋಡ್ ಕೋರ್ಸ್‌ನಲ್ಲೂ ಈ ತೊಂದರೆ ಇದೆ, ಆದರೆ ಅಲ್ಲಿ ಮುಂದಿನ ಬ್ರೇಕಿಂಗ್ ಜಾಗದಲ್ಲಿ ಪ್ರಯತ್ನಿಸಬಹುದು. ಓವಲ್‌ನಲ್ಲಿ ಪಕ್ಕದ ಕಾರು ಬಾಗಿಲಿನಿಂದ ಒಂದು ಗೇಣು ದೂರದಲ್ಲಿದ್ದರೂ ಅದರ ಗಾಳಿ ನಿಮ್ಮ ಕಾರಿನ ಬಾಲವನ್ನು ಅಲುಗಿಸಬಲ್ಲದು. ಸೀಟಿಗೆ ಬಿಗಿದುಕೊಂಡು ಕುಳಿತ ಚಾಲಕನಿಗೆ ಪಕ್ಕದಲ್ಲಿ ಯಾರಿದ್ದಾರೆಂಬುದು ಸರಿಯಾಗಿ ಕಾಣುವುದೂ ಇಲ್ಲ. ಅದಕ್ಕಾಗಿ ಪ್ರತಿ ತಂಡದ ಒಬ್ಬ ಸ್ಪಾಟರ್ ಸ್ಟ್ಯಾಂಡಿನ ಮೇಲ್ಛಾವಣಿಯಲ್ಲಿ ನಿಂತು, ಒಳಗೆ ಒಬ್ಬನಿದ್ದಾನೆ, ಹೊರಗೆ ಒಬ್ಬನಿದ್ದಾನೆ, ಈಗ ದಾರಿ ಖಾಲಿ ಎಂದು ರೇಸ್ ಮುಗಿಯುವವರೆಗೂ ಹೇಳುತ್ತಲೇ ಇರುತ್ತಾನೆ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಇನ್ನೊಬ್ಬನ ಕಣ್ಣನ್ನು ನಂಬಿ ಕಾರು ತಿರುಗಿಸಬೇಕು. 2024ರ ಮೇ ತಿಂಗಳಲ್ಲಿ ಕ್ಯಾನ್ಸಸ್‌ನಲ್ಲಿ ಕೈಲ್ ಲಾರ್ಸನ್ ಅವರು ಕ್ರಿಸ್ ಬುಷರ್ ಅವರನ್ನು ಸೋಲಿಸಿದ ಅಂತರ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. 400 ಮೈಲಿ ಓಡಿದ ಮೇಲೆ ಇಷ್ಟು ಅಂತರ!

ರೇಸಿನ ಲೆಕ್ಕಾಚಾರವೂ ಬೇರೆ. ರೋಡ್ ಕೋರ್ಸ್ ಉದ್ದವಾದ್ದರಿಂದ ಪಿಟ್‌ಗೆ ಹೋಗಿ ಬಂದರೂ ಸುತ್ತು ಕಳೆದುಕೊಳ್ಳುವುದಿಲ್ಲ. ಹಾಗಾಗಿ ತಂಡಗಳು ರೇಸಿನ ಕೊನೆಯಿಂದ ಹಿಂದಕ್ಕೆ ಎಣಿಸಿ ಯಾವ ಸುತ್ತಿನಲ್ಲಿ ಇಂಧನ ತುಂಬಬೇಕೆಂದು ಗೊತ್ತುಮಾಡುತ್ತವೆ. ಷಾರ್ಲೆಟ್‌ನಂಥ ಒಂದೂವರೆ ಮೈಲಿಯ ಓವಲ್‌ನಲ್ಲಿ ಸುತ್ತು ಸುಮಾರು 30 ಸೆಕೆಂಡಿನದು. ಹಸಿರು ಬಾವುಟದಲ್ಲಿ, ಅಂದರೆ ಓಟ ಪೂರ್ಣ ವೇಗದಲ್ಲಿ ನಡೆಯುತ್ತಿರುವಾಗ, ಪಿಟ್‌ಗೆ ಹೋದರೆ ಒಂದು ಸುತ್ತು ಹೋಯಿತೆಂದೇ ಲೆಕ್ಕ. ನೀವು ಹೋಗಿ ಬಂದ ಮರುಕ್ಷಣ ಅಪಘಾತವಾಗಿ ಹಳದಿ ಬಾವುಟ ಬಿದ್ದರೆ ಉಳಿದವರು ನಿಧಾನವಾಗಿ ಚಲಿಸುವ ಸಾಲಿನಿಂದ ಹೆಚ್ಚು ನಷ್ಟವಿಲ್ಲದೆ ಟೈರು ಬದಲಿಸಿಕೊಳ್ಳುತ್ತಾರೆ. ಸುತ್ತು ಕಳೆದುಕೊಂಡವರಲ್ಲಿ ಎಲ್ಲರಿಗಿಂತ ಮುಂದಿರುವವನಿಗೆ ಪ್ರತಿ ಹಳದಿ ಬಾವುಟದಲ್ಲೂ ಆ ಸುತ್ತು ಮರಳಿ ಸಿಗುತ್ತದೆ. ಅದಕ್ಕೇ ಟಿವಿಯಲ್ಲಿ 20ನೇ ಸ್ಥಾನಕ್ಕೂ ಜನ ಪ್ರಾಣ ಒತ್ತೆಯಿಟ್ಟು ಹೋರಾಡುವುದು ಕಾಣುತ್ತದೆ. ಆ ಹೋರಾಟ 20ನೇ ಸ್ಥಾನಕ್ಕಲ್ಲ, ಆ ಸುತ್ತಿಗೆ.

ಯಾವುದು ಕಷ್ಟ ಎಂಬ ನಿಮ್ಮ ಪ್ರಶ್ನೆಗೆ ಅತ್ತಿಂದಿತ್ತ ದಾಟಿದ ಚಾಲಕರೇ ಒಳ್ಳೆಯ ಸಾಕ್ಷಿ. ನ್ಯೂಜಿಲೆಂಡಿನ ಶೇನ್ ವಾನ್ ಗಿಸ್‌ಬರ್ಗನ್ 2023ರಲ್ಲಿ ಷಿಕಾಗೊ ಬೀದಿ ಓಟದಲ್ಲಿ ನ್ಯಾಸ್‌ಕಾರ್‌ನ ಮೇಲ್ಮಟ್ಟದ ಸರಣಿಯಾದ ನ್ಯಾಸ್‌ಕಾರ್ ಕಪ್‌ಗೆ ಕಾಲಿಟ್ಟ ದಿನವೇ ಗೆದ್ದರು. 1963ರ ಬಳಿಕ ಹಾಗೆ ಗೆದ್ದವರು ಯಾರೂ ಇರಲಿಲ್ಲ. 2025ರಲ್ಲಿ ಅವರು ಮೆಕ್ಸಿಕೊ ಸಿಟಿ, ಷಿಕಾಗೊ, ಸೊನೊಮಾ, ವಾಟ್ಕಿನ್ಸ್ ಗ್ಲೆನ್ ಮತ್ತು ಷಾರ್ಲೆಟ್‌ನ ಮಿಶ್ರ ಟ್ರ್ಯಾಕ್ (ಓವಲ್ ಮತ್ತು ರೋಡ್ ಕೋರ್ಸ್ ಸೇರಿದ್ದು) ಹೀಗೆ ಐದು ರೇಸ್ ಗೆದ್ದರು. ಆ ವರ್ಷದ 36 ರೇಸುಗಳಲ್ಲಿ ಓವಲ್ ಅಲ್ಲದವು ಆರೇ. ಆರರಲ್ಲಿ ಐದು ಅವರ ಪಾಲಾದವು. ಅದೇ ಕಾರು, ಅದೇ ತಂಡ, ಅದೇ ವರ್ಷ, ಓವಲ್‌ಗಳಲ್ಲಿ ಮಾತ್ರ ಅವರು ಬಹುಪಾಲು ಹಿಂದಿನ ಸಾಲಿನಲ್ಲೇ ಉಳಿದರು. ಕೊಲಂಬಿಯಾದ ಹ್ವಾನ್ ಪಾಬ್ಲೊ ಮೊಂಟೊಯಾ ಇಂಡಿಯಾನಾಪೊಲಿಸ್ 500 ಅನ್ನು ಎರಡು ಬಾರಿ ಗೆದ್ದವರು. ನ್ಯಾಸ್‌ಕಾರ್ ಕಪ್‌ನಲ್ಲಿ ಅವರು ಗೆದ್ದ ಎರಡೂ ರೇಸುಗಳು, 2007ರ ಸೊನೊಮಾ ಮತ್ತು 2010ರ ವಾಟ್ಕಿನ್ಸ್ ಗ್ಲೆನ್, ರೋಡ್ ಕೋರ್ಸ್‌ನವು. ಎಂದರೆ ಒಂದು ಬಗೆಯ ಕಾರಿನಲ್ಲಿ ಓವಲ್ ಬಲ್ಲವರಿಗೆ ಇನ್ನೊಂದು ಬಗೆಯ ಕಾರಿನ ಓವಲ್ ಒಲಿಯಲೇಬೇಕೆಂದಿಲ್ಲ.

ಎದುರು ದಿಕ್ಕಿನ ಸಾಕ್ಷಿಯೂ ಇದೆ. ಏಳು ಬಾರಿಯ ನ್ಯಾಸ್‌ಕಾರ್ ಚಾಂಪಿಯನ್ ಜಿಮ್ಮಿ ಜಾನ್ಸನ್ 2021ರಲ್ಲಿ ಇಂಡಿಕಾರ್‌ಗೆ ಬಂದು ರೋಡ್ ಕೋರ್ಸ್ ಮತ್ತು ಬೀದಿ ಓಟಗಳಲ್ಲಿ ಹಿಂದೆ ಬಿದ್ದು ಒದ್ದಾಡಿದರು. ಮರುವರ್ಷ ಅದೇ ಕಾರಿನಲ್ಲಿ ಓವಲ್‌ಗಿಳಿದಾಗ ಟೆಕ್ಸಾಸ್‌ನಲ್ಲಿ 6ನೆಯವರಾಗಿ, ಅಯೋವಾದಲ್ಲಿ 5ನೆಯವರಾಗಿ ಮುಗಿಸಿದರು. ಸ್ಪೇನಿನ ಅಲೆಕ್ಸ್ ಪಲೊ ಮೂರು ಬಾರಿ ಇಂಡಿಕಾರ್ ಚಾಂಪಿಯನ್ ಆಗಿಯೂ ಒಂದೂ ಓವಲ್ ಗೆದ್ದಿರಲಿಲ್ಲ. 2025ರಲ್ಲಿ ಅವರ ಮೊದಲ ಓವಲ್ ಗೆಲುವು ಬಂದಾಗ ಅದು ಇಂಡಿಯಾನಾಪೊಲಿಸ್ 500 ಆಗಿತ್ತು, ಅದೇ ಬೇಸಿಗೆಯಲ್ಲಿ ಅಯೋವಾದಲ್ಲೂ ಗೆದ್ದರು. ಹಾಗೆಂದು ವರ್ಷಗಟ್ಟಲೆ ಕಾಯಲೇಬೇಕೆಂದಿಲ್ಲ. ನೈಜಲ್ ಮ್ಯಾನ್ಸೆಲ್ 1993ರಲ್ಲಿ ಫಾರ್ಮುಲಾ ಒನ್‌ನಿಂದ ನೇರ ಬಂದು ಮೊದಲ ವರ್ಷವೇ ನಾಲ್ಕು ಓವಲ್ ಗೆದ್ದು ಚಾಂಪಿಯನ್ ಆದರು. ಮಾರಿಯೊ ಆಂಡ್ರೆಟ್ಟಿ 1967ರ ಡೇಟೋನಾ 500, 1969ರ ಇಂಡಿಯಾನಾಪೊಲಿಸ್ 500, 1978ರ ಫಾರ್ಮುಲಾ ಒನ್ ಪ್ರಶಸ್ತಿ ಮೂರನ್ನೂ ಪಡೆದರು. ಇಂಥವರು ವಿರಳ. ನನ್ನ ಮಟ್ಟಿಗೆ ಮೋಟರ್ ರೇಸಿಂಗ್‌ನಲ್ಲಿ ಇದಕ್ಕಿಂತ ದೊಡ್ಡ ಸಾಧನೆಯಿಲ್ಲ.

ಭಾರತದಿಂದ ಹೋದವರಿಗೆ ಓವಲ್ ಇನ್ನಷ್ಟು ದೂರ, ಏಕೆಂದರೆ ನಮ್ಮ ಚಾಲಕರು ಕಲಿಯುವ ಚೆನ್ನೈ, ಕೊಯಮತ್ತೂರು, ನೊಯ್ಡಾ ಟ್ರ್ಯಾಕ್‌ಗಳೆಲ್ಲ ಎಡಬಲ ತಿರುವಿನವೇ. ಹಾಗಿದ್ದೂ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ನ್ಯಾಸ್‌ಕಾರ್ ಟ್ರಕ್ ಸರಣಿಯ ತಮ್ಮ ಮೊದಲ ರೇಸಿನಲ್ಲೇ, ಅದೂ ಮಾರ್ಟಿನ್ಸ್‌ವಿಲ್‌ನಂಥ ಕಡೆ, 13ನೇ ಸ್ಥಾನ ಪಡೆದರು. ಆ ಫಲಿತಾಂಶಕ್ಕೆ ನಮ್ಮಲ್ಲಿ ಸಿಗಬೇಕಾದ ಮನ್ನಣೆ ಸಿಗಲಿಲ್ಲ ಎಂಬುದು ನನ್ನ ಕೊರಗು.

ಅಪಾಯದ ಮಾತನ್ನು ಬಿಟ್ಟು ಈ ಹೋಲಿಕೆ ಪೂರ್ಣವಾಗುವುದಿಲ್ಲ. ರೋಡ್ ಕೋರ್ಸ್‌ನಲ್ಲಿ ತಪ್ಪಿದ ಕಾರು ಸಾಮಾನ್ಯವಾಗಿ ಜಲ್ಲಿಗೋ ಹುಲ್ಲಿಗೋ ಹೋಗುತ್ತದೆ. ಓವಲ್‌ನಲ್ಲಿ ಗೋಡೆ ಪಕ್ಕದಲ್ಲೇ ಇದೆ. 2001ರಲ್ಲಿ ಡೇಟೋನಾದ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡರು. ಆ ವರ್ಷವೇ ನ್ಯಾಸ್‌ಕಾರ್ ತಲೆ ಮತ್ತು ಕುತ್ತಿಗೆಯನ್ನು ಬಿಗಿದಿಡುವ ಸಾಧನವನ್ನು ಕಡ್ಡಾಯ ಮಾಡಿತು. 2002ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲು ಅಳವಡಿಸಿದ, ಉಕ್ಕಿನ ಕೊಳವೆ ಮತ್ತು ಫೋಮ್ ಸೇರಿಸಿ ಮಾಡಿದ ಬಡಿತ ಹೀರುವ ಗೋಡೆ ಇಂದು ದೊಡ್ಡ ಓವಲ್‌ಗಳಲ್ಲೆಲ್ಲ ಇದೆ. ಆದರೂ 2011ರಲ್ಲಿ ಲಾಸ್ ವೇಗಸ್‌ನಲ್ಲಿ ಡ್ಯಾನ್ ವೆಲ್ಡನ್ ಪ್ರಾಣ ಕಳೆದುಕೊಂಡರು. ದೇಹಕ್ಕೂ ಒಂದು ಮಿತಿಯಿದೆ: 2001ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ 24 ಡಿಗ್ರಿ ಓರೆಯ ಓವಲ್‌ನಲ್ಲಿ ಅಭ್ಯಾಸ ನಡೆಸಿದ ಬಹುತೇಕ ಚಾಲಕರಿಗೆ ತಲೆ ಸುತ್ತು ಬಂತು. ಸುತ್ತಿನ ಬಹುಪಾಲು ಹೊತ್ತು ಅವರ ದೇಹದ ಮೇಲೆ ಗುರುತ್ವದ ಐದು ಪಟ್ಟು ಬಲ ಬೀಳುತ್ತಿತ್ತು. ಪ್ರೇಕ್ಷಕರು ಟಿಕೆಟ್ ಕೊಂಡಿದ್ದರೂ ಆ ರೇಸನ್ನು ರದ್ದು ಮಾಡಿದರು. ಸರಿಯಾದ ನಿರ್ಧಾರ ಅದು. ಒಬ್ಬ ಚಾಲಕ ನಾನು ಓವಲ್ ಓಡುವುದಿಲ್ಲ ಎಂದರೆ ಅವನನ್ನು ಹೇಡಿ ಎನ್ನುವ ಹಕ್ಕು ಆಸನದಲ್ಲಿ ಕುಳಿತ ಯಾರಿಗೂ ಇಲ್ಲ.

ಇನ್ನು ನೀವು ಎಲ್ಲಿಗೆ ಹೋಗಬೇಕೆಂಬುದು. ಷಾರ್ಲೆಟ್‌ನಲ್ಲಿದ್ದೀರಿ, ಇದಕ್ಕಿಂತ ಒಳ್ಳೆಯ ಜಾಗ ಅಮೆರಿಕದಲ್ಲಿಲ್ಲ. ನ್ಯಾಸ್‌ಕಾರ್ ತಂಡಗಳ ಕಾರ್ಯಾಗಾರಗಳು ಬಹುಪಾಲು ನಿಮ್ಮ ಸುತ್ತಮುತ್ತಲೇ ಇವೆ. ಮೊದಲು ಓವಲ್ ನೋಡಿ ಎನ್ನುತ್ತೇನೆ, ಏಕೆಂದರೆ ರೋಡ್ ಕೋರ್ಸ್ ಓಟ ಟಿವಿಯಲ್ಲಿ ಅರ್ಥವಾಗುತ್ತದೆ, ಓವಲ್ ಆಗುವುದಿಲ್ಲ. ಆದರೆ ಎಂಟು ವರ್ಷದ ಹುಡುಗನನ್ನು ನೇರವಾಗಿ 600 ಮೈಲಿಯ ರೇಸಿಗೆ ಕರೆದೊಯ್ಯಬೇಡಿ. ಬೇಸಿಗೆಯ ಶನಿವಾರ ರಾತ್ರಿ ವಿನ್ಸ್‌ಟನ್-ಸೇಲಂನ ಬೋಮನ್ ಗ್ರೇ ಕ್ರೀಡಾಂಗಣಕ್ಕೆ ಹೋಗಿ. ಫುಟ್ಬಾಲ್ ಮೈದಾನದ ಸುತ್ತ ಕಾಲು ಮೈಲಿಯ ಓವಲ್ ಅದು, 1949ರಿಂದ ಅಲ್ಲಿ ನ್ಯಾಸ್‌ಕಾರ್‌ನ ವಾರದ ಓಟ ನಡೆಯುತ್ತಿದೆ. ಕಾರುಗಳು ಕಣ್ಣೆದುರಿಗೇ ಒಂದನ್ನೊಂದು ತಳ್ಳಿಕೊಂಡು ಹೋಗುತ್ತವೆ, ರೇಸುಗಳು ಚಿಕ್ಕವು, ಮಗುವಿಗೆ ಬೇಸರವಾಗುವುದಿಲ್ಲ.

ಅದು ಹಿಡಿಸಿದರೆ ಮೇ ತಿಂಗಳ ಕೊನೆಯ ಸೋಮವಾರದ ಹಿಂದಿನ ಭಾನುವಾರ ಷಾರ್ಲೆಟ್ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ಕೋಕಾ-ಕೋಲಾ 600ಕ್ಕೆ ಹೋಗಿ. ಸಂಜೆ ಬಿಸಿಲಿನಲ್ಲಿ ಶುರುವಾಗಿ ರಾತ್ರಿ ದೀಪದಲ್ಲಿ ಮುಗಿಯುವ 400 ಸುತ್ತಿನ ಓಟ. ಕಾರಿನ ಹದ ಬದಲಾಗುವ ಬಗ್ಗೆ ಮೇಲೆ ಹೇಳಿದ್ದನ್ನು ನೋಡಲು ಇದಕ್ಕಿಂತ ತಕ್ಕ ರೇಸಿಲ್ಲ: ಟ್ರ್ಯಾಕ್ ತಣ್ಣಗಾಗುತ್ತಿದ್ದಂತೆ ಬಿಸಿಲಿನಲ್ಲಿ ಮುಂದಿದ್ದವರು ಹಿಂದಾಗುತ್ತಾರೆ, ಹಿಂದಿದ್ದವರು ಮೇಲೇರುತ್ತಾರೆ. ಆಸನ ಆದಷ್ಟು ಎತ್ತರದ ಸಾಲಿನಲ್ಲಿ ಕೊಳ್ಳಿ. ಅಗ್ಗದ ಕೆಳಸಾಲಿನಿಂದ ಅರ್ಧ ಟ್ರ್ಯಾಕ್ ಮಾತ್ರ ಕಾಣುತ್ತದೆ. ತಂಡಗಳ ರೇಡಿಯೊ ಸಂಭಾಷಣೆ ಕೇಳುವ ಸ್ಕ್ಯಾನರ್ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಒಬ್ಬನೇ ಚಾಲಕನನ್ನು ಆರಿಸಿಕೊಂಡು ನೂರು ಸುತ್ತು ಅವನ ಮತ್ತು ಸ್ಪಾಟರ್‌ನ ಮಾತು ಕೇಳುತ್ತಾ ಅವನ ಕಾರನ್ನೇ ನೋಡಿ. ಅವನು ಯಾವ ಸುತ್ತಿನಲ್ಲಿ ಮೇಲಿನ ದಾರಿ ಹಿಡಿದ, ಏಕೆ ಹಿಡಿದ ಎಂಬುದು ನಿಮಗೇ ಹೊಳೆಯತೊಡಗುತ್ತದೆ.

ರೋಡ್ ಕೋರ್ಸ್‌ಗೆ ವರ್ಜೀನಿಯಾ ಇಂಟರ್‌ನ್ಯಾಷನಲ್ ರೇಸ್‌ವೇ ನಿಮಗೆ ಹತ್ತಿರ. 3.27 ಮೈಲಿಯ ಏರಿಳಿತದ ಟ್ರ್ಯಾಕ್, ಆಗಸ್ಟ್‌ನಲ್ಲಿ ಸಾಮಾನ್ಯವಾಗಿ ಜಿಟಿ ಕಾರುಗಳ ದೊಡ್ಡ ರೇಸ್ ಇರುತ್ತದೆ. ಅಲ್ಲಿ ಒಂದೇ ಕಡೆ ಕೂರಬೇಡಿ. ಚಾಪೆ, ನೀರು, ಊಟದ ಡಬ್ಬಿ ತೆಗೆದುಕೊಂಡು ಹುಲ್ಲಿನ ದಿಬ್ಬಗಳ ಮೇಲೆ ನಡೆಯುತ್ತಾ ಬೇರೆ ಬೇರೆ ತಿರುವುಗಳಿಂದ ನೋಡಿ. ಒಂದು ಗಂಟೆಯಾದರೂ ಗಟ್ಟಿಯಾಗಿ ಬ್ರೇಕ್ ಹಾಕುವ ಜಾಗದ ಬಳಿ ಕಳೆಯಿರಿ. ಎರಡೂ ಕಡೆ ಮಗನ ಕಿವಿಗೆ ಶಬ್ದ ತಡೆಯುವ ಹೆಡ್‌ಫೋನ್ ಮನೆಯಿಂದಲೇ ಹಾಕಿಸಿಕೊಂಡು ಹೋಗಿ, ಕಾರುಗಳು ಎಂಜಿನ್ ಶುರು ಮಾಡಿದ ಮೇಲೆ ಹುಡುಕುವುದು ಬೇಡ. ಓವಲ್‌ನಲ್ಲಿ ಶಬ್ದ ಒಂದು ಕ್ಷಣವೂ ಬಿಡುವು ಕೊಡುವುದಿಲ್ಲವಾದ್ದರಿಂದ ನಿಮಗೂ ಒಂದು ಜೊತೆ ಇರಲಿ.